ಮಾಂಸದ ಬಾವುಟ

ಗೋಡೆಗೆ ಮುಖ ಮಾಡಿ ನಿಂತು ಪಿಟ್ಸೊ ಎಡಗೈಯ ಉಂಗುರ ಬೆರಳಿಗೆ ಹೊಸ ಪ್ಲಾಸ್ಟರ್ ಸುತ್ತಿಕೊಂಡ. ಹಲ್ಲಿನಿಂದ ತುದಿ ಕಚ್ಚಿ ಬಿಗಿಮಾಡಿ, ಒಳಗಿಟ್ಟ ಹತ್ತಿಯ ಚೂರು ಒಂದಿಷ್ಟೇ ಹೊರಗೆ ಇಣುಕುವಂತೆ ಬಿಟ್ಟ. ಹತ್ತಿ ಇಣುಕಿದರೇನೇ ಜನಕ್ಕೆ ನಂಬಿಕೆ. ಆ ಬೆರಳನ್ನು ನಂಬುವುದಾದರೆ ಈ ಬೆಟ್ಟಗಳಲ್ಲಿ ಅವನಷ್ಟು ರಕ್ತ ಕೊಟ್ಟ ಗಂಡಸು ಇನ್ನೊಬ್ಬನಿರಲಿಲ್ಲ. ಅದನ್ನೆಲ್ಲ ಒಂದೇ ಕಡೆ ಸುರಿದಿದ್ದರೆ ಸೆನ್ಕು ನದಿ ಕೆಂಪಾಗಿ ಹರಿದು, ಕೆಳಗಿನ ದೊಡ್ಡ ದೇಶದವರು ಸೈನ್ಯ ಕಟ್ಟಿಕೊಂಡು ಜಗಳಕ್ಕೆ ಬರುತ್ತಿದ್ದರು. ಬೆನ್ನ ಹಿಂದೆ ಮಪಲೆಸಾ ಒಲೆಯ ಮುಂದೆ ಕೂತು ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದಳು. ಕೋಲಿನ ಸದ್ದು ನಿಂತಿತೆನಿಸಿ ಅವನು ಗಕ್ಕನೆ ತಿರುಗಿದ. ನಿಂತಿರಲಿಲ್ಲ. ಅವಳು ಮಡಕೆಯನ್ನೇ ನೋಡುತ್ತಿದ್ದಳು.

"ಇವತ್ತೂ ಸೊಪ್ಪೇನಾ?" ಎಂದ, ಏನಾದರೂ ಅನ್ನಬೇಕೆಂದು.

"ಸೊಪ್ಪಾದ್ರೂ ಐತಲ್ಲ."

ಅವನು ಕೂತು, ಮುದ್ದೆ ಮುರಿದು, ಸೊಪ್ಪಿಗೆ ಒತ್ತಿ ಒತ್ತಿ ತಿಂದ. ಗಂಟಲು ಕೆರೆಯುತ್ತಿತ್ತು. ವಾರಗಟ್ಟಲೆ ಕೂಗಿದ ಗಂಟಲು. ಪಿಟ್ಸೊ ಎಂದರೆ ಅವರ ಮಾತಿನಲ್ಲಿ ಊರ ಸಭೆ. ಹುಟ್ಟಿದಾಗ ಅವನು ಅತ್ತ ಅಬ್ಬರಕ್ಕೆ, ನಾಯಕನೇ ಸಭೆ ಕರೆದಿದ್ದಾನೆಂದು ಮೂರು ಊರಿನ ಗಂಡಸರು ಕಂಬಳಿ ಹೊದ್ದು ಓಡಿಬಂದರಂತೆ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ, ಹೇಳಿದ ಹಾಗೆಲ್ಲ ಊರುಗಳು ಹೆಚ್ಚಾಗುತ್ತಿದ್ದವು. ಗಡಿಯಾಚೆಯ ಚಿನ್ನದ ಗಣಿಯಲ್ಲಿ ಅವನು ಕೆಮ್ಮಿದರೆ ಮೇಲಿನ ಮಹಡಿಯ ದೊರೆಗಳ ಚಹಾ ಚೆಲ್ಲುತ್ತಿತ್ತು. ಗಣಿ ಬಾಗಿಲು ಹಾಕಿಕೊಂಡು ಸಾವಿರಾರು ಜನರನ್ನು ಬೆಟ್ಟಕ್ಕೆ ಅಟ್ಟಿದಾಗ ಉಳಿದವರೆಲ್ಲ ಟ್ರಂಕು ತಂದರು, ಕಂಬಳಿ ತಂದರು, ಕೆಮ್ಮು ತಂದರು. ಅವನು ತಂದದ್ದು ಈ ಗಂಟಲು. ಅದನ್ನು ಕೇಳಿಯೇ ರಾಜಧಾನಿ ಮಸೇರುವಿನಿಂದ ಬಂದ ಆರೋಗ್ಯದ ತಂಡ ಅವನ ಕೈಗೊಂದು ಬ್ಯಾಟರಿ ಮೈಕು ಕೊಟ್ಟು, ಕುದುರೆಯೇರಿ ಬೆಟ್ಟ ಬೆಟ್ಟ ತಿರುಗಿ ಎಚ್‌ಐವಿ ವಿಷಯ ಕೂಗು, ಡೇರೆಗೆ ಜನರನ್ನು ಕರೆ ಎಂದಿತ್ತು. ಮೊದಲ ದಿನ ನರ್ಸ್ ಲಿಂಫೊ ಸುಮ್ಮನೆ ಮಾತಿಗೆ ಕೇಳಿದ್ದಳು, ನಿಮ್ಮದು ಪರೀಕ್ಷೆ ಆಗಿದೆ ತಾನೇ ಅಪ್ಪಾ ಎಂದು. ಆಗಿದೆ, ಗಣಿಯಲ್ಲೇ ಆಗಿದೆ, ಹತ್ತು ಸಲ ಆಗಿದೆ ಎಂದುಬಿಟ್ಟ. ಒಂದು ಸಲ ಎಂದಿದ್ದರೆ ಸಾಕಿತ್ತು. ಹತ್ತು ಎಂದಮೇಲೆ ಹನ್ನೊಂದನೆಯದನ್ನು ಊರು ನೋಡಬೇಕಲ್ಲ, ಹಾಗಾಗಿ ಪ್ಲಾಸ್ಟರ್ ಬಂತು.

ಕುದುರೆಯ ಹೆಸರು ಫೋರ್‌ಮನ್. ಗಣಿಯ ಮೇಸ್ತ್ರಿಯ ಹಾಗೆ ಅದು ತಾನೂ ದುಡಿಯುತ್ತಿರಲಿಲ್ಲ, ದುಡಿಯುವವನನ್ನು ಕಂಡರೆ ಹಲ್ಲು ಕಿರಿಯುತ್ತಿತ್ತು. ಆಗಸ್ಟ್ ತಿಂಗಳ ಗಾಳಿಗೆ ಆ ಬೆಳಿಗ್ಗೆ ಬೆಟ್ಟಗಳೇ ಒಂದೆರಡು ಹೆಜ್ಜೆ ಸರಿದು ನಿಂತಿದ್ದವು. ಹಾ ಮಖೋಬಾ ಎಂಬ ಊರಿನ ಬಯಲಿನಲ್ಲಿ ಡೇರೆಯ ಹಗ್ಗ ಬಿಗಿದು, ಮಸೇರುವಿನವರು ಕಳಿಸಿದ ಕೆಂಪು ಬಟ್ಟೆಯನ್ನು ಅವನು ಕುಣಿಕೆಯ ಹಾಗೆ ಮಡಿಸಿ, ಎದೆಯ ಮೇಲೆ ಸಿಕ್ಕಿಸಿಕೊಳ್ಳುವ ಆ ರೋಗದ ಕೆಂಪು ಪಟ್ಟಿಯ ಆಕಾರಕ್ಕೆ ತಂದು, ತನ್ನ ಕಂಬಳಿಯ ಪಿನ್ನನ್ನೇ ಚುಚ್ಚಿ ಉದ್ದ ಗಳುವಿನ ತುದಿಗೆ ಕಟ್ಟಿದ. ಲಿಂಫೊ ಒಳಗೆ ಮೇಜು ಹಾಕಿಕೊಂಡು ಕೂತಳು. ಮೂರು ವಾರದಿಂದ ಹೀಗೇ ಕೂತಿದ್ದಾಳೆ. ಬಂದವರನ್ನು ಕೈಬೆರಳಲ್ಲಿ ಎಣಿಸಬಹುದಿತ್ತು, ಅದೂ ಪಿಟ್ಸೊನ ಆ ಬೆರಳನ್ನು ಬಿಟ್ಟು.

ಅವನು ಬೋರೆ ಹತ್ತಿ ನಿಂತು ಕೂಗಿದ. "ರಕ್ತದಿಂದ ಬರ್ತೈತೆ! ಹಾಸಿಗೆಯಿಂದ ಬರ್ತೈತೆ! ತಾಯಿಯ ಹಾಲಿನಿಂದ!" ಲಿಂಫೊ ಹೇಳಿಕೊಟ್ಟಿದ್ದು ಬೇರೆ ಥರ ಇತ್ತು, ಹಾಲು ಕೊನೆಗೆ ಬಂದರೆ ರಾಗ ಚೆನ್ನ ಎಂದು ಇವನೇ ಹಾಗೆ ಜೋಡಿಸಿಕೊಂಡಿದ್ದ. ಬೆಟ್ಟಗಳಿಗೂ ಅದೇ ರುಚಿಸಿರಬೇಕು. ಮೊದಲಿನದನ್ನೆಲ್ಲ ನುಂಗಿ, ಹಾಲಿನಿಂದ, ಹಾಲಿನಿಂದ ಎಂದು ಒಂದರ ಕೈಯಿಂದ ಇನ್ನೊಂದರ ಕೈಗೆ ದಾಟಿಸುತ್ತಿದ್ದವು. ಕೇಳಲು ಯಾರಿದ್ದಾರೆ? ನಾಳೆ ಶನಿವಾರ. ಶನಿವಾರ ಬಂತೆಂದರೆ ಊರು ಮಣ್ಣು ಮಾಡುವುದಕ್ಕೆ ಹೊರಡುತ್ತದೆ; ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ನಡೆದು ನಡೆದೇ ಜನರ ಬೂಟು ಸವೆದಿದ್ದವು. ಎದೆ ಕಟ್ಟಿತ್ತು ಎನ್ನುತ್ತಿದ್ದರು. ತುಂಬ ದಿನದಿಂದ ಹುಷಾರಿರಲಿಲ್ಲ ಎನ್ನುತ್ತಿದ್ದರು. ಯಾರೋ ಏನೋ ಮಾಡಿಸಿದ್ದಾರೆ ಎನ್ನುತ್ತಿದ್ದರು. ಆ ರೋಗದ ಹೆಸರು ಹೇಳುವ ಕೆಲಸ ಪಿಟ್ಸೊನದು, ಅವನು ಹೇಳುತ್ತಿದ್ದ, ಊರಿಗೆಲ್ಲ ಹೇಳುತ್ತಿದ್ದ. ಮಗಳು ಪಲೆಸಾಳ ಗುಂಡಿ ಎಷ್ಟು ಚಿಕ್ಕದಿತ್ತೆಂದರೆ, ಎಂದು ಅವನ ಮನಸ್ಸು ಎಲ್ಲಿಂದಲೋ ಶುರುಮಾಡಿತು. ಎಂದಿನಂತೆ ಅಲ್ಲಿಗೆ ಅದನ್ನು ನಿಲ್ಲಿಸಿ ಅವನು ಇನ್ನೊಮ್ಮೆ ಕೂಗಿದ.

ಮದುವೆಯಾಗಿ ಬಂದ ದಿನವೇ ಅವನ ತಾಯಿ ಸೊಸೆಯ ಹಳೆಯ ಹೆಸರನ್ನು ಹೊಸಿಲಾಚೆ ಬಿಡಿಸಿ, ಮಪಲೆಸಾ, ಪಲೆಸಾಳ ಅವ್ವ, ಎಂದು ಕರೆದಿದ್ದಳು. ಪಲೆಸಾ ಆಗ ಎಲ್ಲೂ ಇರಲಿಲ್ಲ. ಮಗು ಬರುವುದಕ್ಕೆ ಮುಂಚೆ ಹೆಸರು ಬಂದು ಕೂತು ಕಾಯುವುದು ಅಲ್ಲಿಯ ಪದ್ಧತಿ. ಕಾದು ಕಾದು ಮಗು ಬಂದಾಗ ಪಿಟ್ಸೊ ಗಣಿಯಿಂದ ರಜೆ ಹಾಕಿ ಬಂದು, ಬಿಳಿ ಬಾವುಟ ಏರಿದ ಮನೆಯಲ್ಲಿ ಬುರುಗು ಬಿಯರು ಕುಡಿದು, ನನ್ನ ಹೆಂಡತಿಯ ಎದೆಯಲ್ಲಿ ಎಷ್ಟು ಹಾಲು ಅಂದರೆ ಮಗು ಕುಡಿದು ಉಳಿದದ್ದರಲ್ಲಿ ಊರಿಗೇ ಗಂಜಿ ಕಾಯಿಸಬಹುದು ಎಂದು ಸಾರಿದ್ದ. ಜನ ನಕ್ಕಿದ್ದರು. ಎರಡು ಚಳಿಗಾಲ ಕಳೆಯಲಿಲ್ಲ. ಮಗು ದಿನದಿನಕ್ಕೆ ಹಗುರಾಯಿತು. ಹೆಸರು ಮಾತ್ರ ಅವಳಿಗೆ ಹಾಗೇ ಉಳಿಯಿತು. ಈಗಲೂ ಬಾವಿಯ ಹತ್ತಿರ, ಅಂಗಡಿಯಲ್ಲಿ, ದಾರಿಯಲ್ಲಿ ಕಂಡವರೆಲ್ಲ ಪಲೆಸಾಳ ಅವ್ವಾ ಎಂದು ಕರೆಯುತ್ತಾರೆ, ಅವಳು ಓ ಎನ್ನುತ್ತಾಳೆ. ಪರೀಕ್ಷೆ ಮಾಡಿಸಿಕೊಂಡರೆ ತನ್ನ ರಕ್ತದಲ್ಲಿ ಏನಿದೆಯೆಂದು ಗೊತ್ತಾದೀತೆಂಬ ಹೆದರಿಕೆ ಪಿಟ್ಸೊನಿಗೆ ಅಷ್ಟಿರಲಿಲ್ಲ. ಸಾಯುವುದು ಅವನಿಗೆ ಹೊಸದಲ್ಲ, ಗಣಿಯಲ್ಲಿ ದಿನಾ ಇಳಿದು ಸತ್ತು ದಿನಾ ಎದ್ದು ಬಂದವನು. ಪಲೆಸಾ ಯಾಕೆ ಹೋದಳು, ಯಾರಿಂದ ಹೋದಳು ಎಂಬುದೂ ಆ ಒಂದೇ ಹನಿಯಲ್ಲಿ ಗೊತ್ತಾಗಿಬಿಡುತ್ತಿತ್ತು.

ಗಂಟಲು ಪೂರ್ತಿ ಒಡೆದಾಗ ಅವನು ಬಂಡೆಗೊರಗಿ ಕೂತ. ಕಣ್ಣು ಹತ್ತಿರಬೇಕು. ಎಚ್ಚರಾದಾಗ ಹೊಟ್ಟೆ ಚುರುಗುಡುತ್ತಿತ್ತು. ಕೆಳಗೆ ಬಯಲಿನಲ್ಲಿ, ಗಳುವಿನ ತುದಿಯಲ್ಲಿ, ಅಗಲವಾದ ಕೆಂಪು ಬಾವುಟವೊಂದು ಪಟಪಟನೆ ಹಾರುತ್ತಿತ್ತು. ಬಿಳಿ ಏರಿದರೆ ಬಿಯರು, ಹಸಿರು ಏರಿದರೆ ಸೊಪ್ಪು, ಕೆಂಪು ಏರಿದರೆ ಮಾಂಸ. ಮಾತು ಕಲಿಯುವ ಮೊದಲೇ ಆ ಬೆಟ್ಟದ ಮಕ್ಕಳು ಕಲಿಯುವ ಅಕ್ಷರ ಇದು. ಯಾರೋ ದನ ಕಡಿದಿದ್ದಾರೆ! ಪಿಟ್ಸೊನ ಬಾಯಲ್ಲಿ ಕುದುರೆ ಮೀಯಿಸುವಷ್ಟು ನೀರೂರಿತು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕುವ ಸದ್ದು ಅವನ ಕಿವಿಗೆ ಅಲ್ಲಿಂದಲೇ ಕೇಳಿಸಿತು. ಫೋರ್‌ಮನ್‌ನ ಹೊಟ್ಟೆಗೆ ಹಿಮ್ಮಡಿ ಕೊಟ್ಟು ಇಳಿಜಾರಿನಲ್ಲಿ ಧಡಧಡ ಇಳಿದ. ಬಯಲು ಇನ್ನೇನು ಬಂತೆನ್ನುವಾಗ, ಆ ಬಾವುಟದ ಮೂಲೆಯಲ್ಲಿ ತನ್ನ ಕಂಬಳಿಯ ಪಿನ್ನು ಬಿಸಿಲಿಗೆ ಮಿಂಚುವುದನ್ನು ಕಂಡ.

ಗಾಳಿ ಕುಣಿಕೆಯನ್ನು ಬಿಚ್ಚಿಹಾಕಿತ್ತು. ಮೂರು ಬೆಟ್ಟದ ಜನ ಬಟ್ಟಲು, ತಟ್ಟೆ, ಪಾತ್ರೆ ಹಿಡಿದು ಡೇರೆಯ ಸುತ್ತ ನೆರೆದಿದ್ದರು. ಸ್ವಾತಂತ್ರ್ಯ ಬಂದ ದಿನವೂ ಅಷ್ಟು ಜನ ಸೇರಿರಲಿಲ್ಲ.

"ಏನಪ್ಪಾ ಪಿಟ್ಸೊ," ಮುದುಕ ಖಾಬೆಲೆ ತನ್ನದೇ ಚೂರಿ ಹಿಡಿದು ಎಲ್ಲರ ಮುಂದೆ ನಿಂತಿದ್ದ, "ಎಂಥ ದನ ಕಡಿದಿದೀರಿ? ಒಂಚೂರೂ ವಾಸ್ನೇನೇ ಇಲ್ವಲ್ಲ!"

"ನಂಗೆ ತೊಡೆ ಕಡೇದು," ಅವ್ವ ಮಟುಮೆಲೊ ಪಾತ್ರೆ ಬಡಿದಳು. "ಹೋದ ಸಲದ ಹಂಗೆ ಮೂಳೆ ಹಾಕಿ ಕಳಿಸ್ಬೇಡ."

ಲಿಂಫೊ ಡೇರೆಯಿಂದ ತಲೆ ಹೊರಹಾಕಿ ಅವನನ್ನು ಒಳಗೆ ಎಳೆದುಕೊಂಡಳು. ಪಟ್ಟಣದ ಹುಡುಗಿ, ಖುಷಿಯಿಂದ ಮುಖ ಅರಳಿತ್ತು. "ಇಷ್ಟು ಜನಾನ ಹೇಗೆ ಕರೆಸಿದ್ರಿ ಅಪ್ಪಾ? ಆದ್ರೆ ಪಾತ್ರೆ ಯಾಕೆ ತಂದಿದ್ದಾರೆ? ಪಾತ್ರೆ ತುಂಬ ರಕ್ತ ತಗೋತೀವಿ ಅಂತ ಹೇಳಿಬಿಟ್ರಾ?"

ಅವನು ಮೇಲೆ ಬೆರಳು ತೋರಿಸಿದ. ಅವಳು ಬಾವುಟ ನೋಡಿದಳು, ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ನೋಡವ್ವ," ಪಿಟ್ಸೊ ಪಿಸುಗುಟ್ಟಿದ, "ಮಾಂಸ ದಾರೀಲಿ ಐತೆ, ಚುಚ್ಚಿಸ್ಕೊಂಡೋರಿಗೆ ಮೊದಲು ಅಂತ ಅಂದುಬಿಡ್ತೀನಿ. ಸಂಜೆ ಒಳಗೆ ಇಡೀ ಜಿಲ್ಲೆ ಮುಗಿದೋಗ್ತದೆ."

"ನಿಜ ಹೇಳಿ ಅವರಿಗೆ. ಸುಳ್ಳು ನಂಬಿ ಬಂದವರ ಒಂದು ಬೆರಳೂ ನಾನು ಮುಟ್ಟಲ್ಲ."

ಅವಳು ಅಂದದ್ದು ಅವರ ಬೆರಳನ್ನು. ಪಿಟ್ಸೊ ತನ್ನದನ್ನು ಕಂಬಳಿಯೊಳಗೆ ಎಳೆದುಕೊಂಡ.

ಅವನು ಬಂಡೆ ಹತ್ತಿ ನಿಜ ಹೇಳಿದ. ನಿಜ ಹೇಳುವುದು ಅಭ್ಯಾಸವಿಲ್ಲದೆ ಮಾತು ತೊದಲಿತು. ಮಾಂಸ ಇಲ್ಲ, ಗಾಳಿ ಹೀಗೆ ಮಾಡಿತು, ಇಲ್ಲಿರುವುದು ಪರೀಕ್ಷೆ, ಒಂದೇ ಹನಿ ರಕ್ತ. ಆಮೇಲೆ ಖಾಬೆಲೆ ಚೂರಿಯನ್ನು ಜೇಬಿಗೆ ಇಳಿಸುತ್ತ, "ಕೆಂಪು ಕಂಡು ಬಂದೋರ ಹತ್ರಾನೇ ಕೆಂಪು ಕೇಳ್ತಾನಲ್ರಪ್ಪಾ ಇವನು!" ಎಂದ. ಬಯಲೆಲ್ಲ ನಕ್ಕಿತು. ಕೆಲವರು ಬೈದು ಹೊರಟರು. ಕೆಲವರು ಅಷ್ಟು ದೂರ ನಡೆದು ಬಂದ ಸುಸ್ತಿಗೆ ಅಲ್ಲೇ ಪಾತ್ರೆ ಬೋರಲು ಹಾಕಿ ಅದರ ಮೇಲೆ ಕೂತರು. ಕೂತವರನ್ನು ನೋಡಿ ಹೊರಟವರೂ ನಿಂತರು.

"ಬಂದಿದ್ದಾಯ್ತಲ್ಲ, ಹೋಗೇ ಬಿಡಾನ," ಎಂದಳು ಮಟುಮೆಲೊ. "ಆದ್ರೆ ನಂಗೆ ಸೂಜಿ ಅಂದ್ರೆ ಜೀವ ಹೋಗ್ತದೆ. ತೂತು ಎಷ್ಟು ದೊಡ್ದು ಬೀಳ್ತದೆ? ಎಲ್ಲಿ, ನಿನ್ನ ಬೆರಳು ಬಿಚ್ಚಿ ತೋರ್ಸಪ್ಪ ಪಿಟ್ಸೊ. ನೋಡ್ಕೊಂಡು ಹೋಗ್ತೀನಿ."

"ಹೂಂ, ಬಿಚ್ಚಪ್ಪ!" ಎಂದ ಖಾಬೆಲೆ. "ದಿನಾ ಚುಚ್ಚಿಸ್ಕೊಳ್ಳೋ ಶೂರ. ಬೆರಳು ಜರಡಿ ಆಗಿರ್ಬೇಕು. ನೋಡಾನ!"

ಬಿಚ್ಚು, ಬಿಚ್ಚು ಎಂದು ಪಾತ್ರೆಗಳು ತಾಳ ಹಾಕಿದವು. ಪಿಟ್ಸೊ ಮೈಕನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ದಾಟಿಸಿದ. ಗಣಿಯ ಗೇಟಿನಲ್ಲಿ, ಚಿನ್ನ ಕದ್ದಿದ್ದೀಯಾ ಎಂದು ಬಾಯಿ ಅಗಲಿಸಿ ನೋಡುತ್ತಿದ್ದರು. ಕದ್ದಿರದಿದ್ದರೂ ಕದ್ದವನ ಹಾಗೇ ನಿಲ್ಲುತ್ತಿದ್ದ. ಏನು ಹೇಳಲಿ? ಬಿಚ್ಚಿದರೆ ಸೋಂಕಾಗುತ್ತದೆ ಎನ್ನಲೆ? ಅಪಶಕುನ ಎನ್ನಲೆ? ಗುಂಪಿನ ಅಂಚಿನಲ್ಲಿ ಒಂದು ನೀಲಿ ಬಟ್ಟಲು, ಅದರ ಒಡೆದ ಅಂಚು ಅವನಿಗೆ ಗುರುತು ಸಿಕ್ಕಿತು. ಅದನ್ನು ಎದೆಗೊತ್ತಿಕೊಂಡು ಮಪಲೆಸಾ ನಿಂತಿದ್ದಳು. ಅವಳು ಜನರನ್ನು ದಾಟಿಕೊಂಡು ಮುಂದೆ ಬಂದಳು, ಸಂತೆಯಲ್ಲಿ ಸರದಿ ಬಂದವಳ ಹಾಗೆ, ಅವಸರವಿಲ್ಲದೆ.

"ಬಿಡವ್ವ," ಎಂದಳು ಮಟುಮೆಲೊಗೆ. "ಅವರದು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಸಾಕಾಗೈತೆ. ಇವತ್ತು ನನ್ನ ಬೆರಳು ನೋಡೀಯಂತೆ. ನಾವಿಬ್ರೂ ಒಟ್ಟಿಗೆ ಹೋಗ್ತಿದೀವಿ."

"ಅಯ್ಯೋ, ಇನ್ನೊಂದು ಸಲ ಮದ್ವೆ!" ಯಾರೋ ಕೂಗಿದರು. "ದನ ಕಡೀಲೇಬೇಕು ಹಂಗಾದ್ರೆ!"

ನಗುವಿನ ಮರೆಯಲ್ಲಿ ಇಬ್ಬರೂ ಡೇರೆಯ ಹಿಂದೆ, ಕುದುರೆ ಕಟ್ಟಿದಲ್ಲಿಗೆ ಬಂದರು. ಡೇರೆಯ ಬಟ್ಟೆ ಉಬ್ಬುತ್ತಿತ್ತು, ಇಳಿಯುತ್ತಿತ್ತು.

"ಮಾಂಸಕ್ಕೆ ಬಂದ್ಯಾ?"

"ಮಾಂಸಕ್ಕೇ ಬಂದೆ. ಸುಳ್ಯಾಕೆ ಹೇಳ್ಲಿ." ಅವಳು ಬಟ್ಟಲಿನೊಳಗೆ ನೋಡಿದಳು. "ನಿಮಗೂ ಸೊಪ್ಪು ತಿಂದು ತಿಂದು ಸಾಕಾಗೈತಲ್ಲ."

"ಬೆರಳಿಂದು..."

"ಗೊತ್ತು. ಮೊದಲ್ನೇ ದಿನವೇ ಗೊತ್ತು. ಚುಚ್ಚಿಸ್ಕೊಂಡೋರು ಮುದ್ದೆ ಮುರಿಯೋವಾಗ ಆ ಬೆರಳು ಎತ್ತಿ ಹಿಡೀತಾರೆ. ನೀವು ಅದರಲ್ಲೇ ಒತ್ತಿ ಒತ್ತಿ ತಿಂತೀರಿ."

"ಮತ್ಯಾಕೆ ಕೇಳ್ಲಿಲ್ಲ ನೀನು?"

"ಕೇಳಿದ್ರೆ ನೀವು ಹಟಕ್ಕೆ ಬಿದ್ದು ಹೋಗಿ ಚುಚ್ಚಿಸ್ಕೊಂಬಿಡ್ತಿದ್ರಿ. ಆಮೇಲೆ ನಾನೂ ಹೋಗ್ಬೇಕಾಗ್ತಿತ್ತು. ಆಮೇಲೆ ಮಗೂದು..." ಅವಳು ಕುದುರೆಯ ಕುತ್ತಿಗೆಯ ಮೇಲಿದ್ದ ಒಣಹುಲ್ಲಿನ ಕಡ್ಡಿಯೊಂದನ್ನು ತೆಗೆದುಹಾಕಿದಳು. "ನಮ್ಮನೆ ಬೋರೆಯಾಚೆ ಐತಲ್ಲ, ನಿಮ್ಮ ಕೂಗು ಅಲ್ಲಿಗೆ ಪೂರ್ತಿ ಬರಾಕಿಲ್ಲ. ಕೊನೇದೊಂದೇ ಬರೋದು. ಹಾಲಿನಿಂದ. ಹಾಲಿನಿಂದ. ನೀರು ತರಕ್ಕೋದ್ರೂ ಅದೇ, ಒಲೆ ಮುಂದೆ ಕೂತ್ರೂ ಅದೇ. ಇಡೀ ಬೆಟ್ಟಕ್ಕೇ ಗೊತ್ತು, ನನ್ನ ಬಾಯಿಂದ ಕೇಳ್ಬೇಕು ಅಂತ ಕಾಯ್ತಾ ಐತೆ ಅನ್ನಿಸ್ತಿತ್ತು. ಕುಡಿಸಿದೋಳು ನಾನೇ ಅಲ್ವಾ. ಅವಳು ಬೇಡ ಅಂತ ಮುಖ ತಿರುಗಿಸಿದ್ರೂ ಬಾಯಿಗಿಟ್ಟು ಕುಡಿಸ್ದೆ."

ಪಿಟ್ಸೊನಿಗೆ ತನ್ನ ಕೂಗು ಮೊದಲ ಸಲ ಹೊರಗಿನಿಂದ ಕೇಳಿಸಿತು. ಊರಿಗೇ ಗಂಜಿ ಕಾಯಿಸಬಹುದೆಂದು ಸಾರಿದ್ದವನೂ ಅವನೇ, ಆಮೇಲೆ ಮೈಕು ಹಿಡಿದು ಅದೇ ಹಾಲನ್ನು ಬೆಟ್ಟದಿಂದ ಬೆಟ್ಟಕ್ಕೆ ಸುರಿದವನೂ ಅವನೇ. ಬೋರೆಯಾಚೆ ಒಬ್ಬಳು ಕೂತು ಕೋಲು ತಿರುವುತ್ತ ಅದನ್ನು ಕೇಳುತ್ತಿದ್ದಳು. ಗಣಿಯ ಹಾಸ್ಟೆಲಿನ ಬೇಲಿಯಲ್ಲಿ ಒಂದು ಕಡೆ ತಂತಿ ಬಾಗಿತ್ತು. ಸಂಬಳದ ದಿನ ಅಲ್ಲಿಂದ ನುಸುಳಿದರೆ ತಗಡಿನ ಮನೆಗಳು, ಬಾಗಿಲಲ್ಲಿ ಕಾಯುವ ಹೆಂಗಸರು. ಆ ತಂತಿಗೆ ಸಿಕ್ಕಿ ಅವನ ಒಳ್ಳೆಯ ಕೋಟು ಹರಿದಿತ್ತು, ಅದನ್ನು ಇವಳೇ ಹೊಲಿದಿದ್ದಳು, ಹೇಗೆ ಹರಿಯಿತು ಎಂದು ಕೇಳದೆ.

"ನೋಡು, ಗಣಿ ಅಂದ್ರೆ ಹತ್ತು ಸಾವಿರ ಗಂಡಸ್ರು," ಎಂದು ಅವನು ಶುರುಮಾಡಿದ, ದನಿ ತಾನಾಗಿಯೇ ಏರಿತು, "ನೆಲದೊಳಗೆ ನರಕ ಇರ್ತದಲ್ಲ, ಅದಕ್ಕಿಂತ ಕೆಳಗೆ..."

"ಕೂಗ್ಬೇಡಿ," ಎಂದಳು. "ಇಲ್ಲೇ ಇದೀನಿ ನಾನು."

ಅವನು ಬಾಯಿ ಮುಚ್ಚಿದ. ಹೇಳಬೇಕಾದದ್ದು ತೀರಾ ಸಣ್ಣದಿತ್ತು, ಅಷ್ಟು ಸಣ್ಣದನ್ನು ಹಿಡಿಯುವುದು ಅವನ ಬಾಯಿಗೆ ಬರುತ್ತಿರಲಿಲ್ಲ.

"ನಾನೇ ತಂದಿರೋದು," ಎಂದ ಕೊನೆಗೆ. "ನಿನ್ನಿಂದ ಅಲ್ಲ."

ಪಕ್ಕದಲ್ಲಿದ್ದ ಫೋರ್‌ಮನ್‌ನ ಕಿವಿಯೂ ಅಲುಗಲಿಲ್ಲ. ಅವಳಿಗೆ ಕೇಳಿಸಿತ್ತು. ಅವಳು ಬಟ್ಟಲನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಡೇರೆಯೊಳಗೆ ಹೋದಳು.

ಲಿಂಫೊ ಅವನ ಕೈ ಹಿಡಿದು ಪ್ಲಾಸ್ಟರ್ ಬಿಚ್ಚಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಒಳಗಿನ ಬೆರಳು ಬೆಳ್ಳಗೆ, ನೆರಿಗೆಗಟ್ಟಿ, ಆಗಷ್ಟೇ ಹುಟ್ಟಿದ್ದರ ಹಾಗೆ ಒದ್ದೆಯಾಗಿತ್ತು. ಅವಳು ಅದನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಒಂದು ತೂತಿಲ್ಲ, ಗೀರಿಲ್ಲ.

"ಇದು ಮೊದಲ್ನೇ ಸಲ ಅವ್ವ," ಎಂದ ಪಿಟ್ಸೊ.

ಅವಳ ಮುಖದಲ್ಲಿ ಸಿಟ್ಟು ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ಹೋಯಿತು. ಹೆಂಡತಿ ಪಕ್ಕದ ಸ್ಟೂಲಿನಲ್ಲಿ ತನ್ನ ಬೆರಳನ್ನು ಆಗಲೇ ಮುಂದೆ ಚಾಚಿಕೊಂಡಿದ್ದಳು. "ಬೇರೆ ಬೆರಳು ಕೊಡಿ ಅಪ್ಪಾ," ಎಂದಳು ಲಿಂಫೊ. "ಇದು ನೆನೆದುಹೋಗಿದೆ." ಸೂಜಿ ಕುಟುಕಿತು. ಬೆರಳ ತುದಿಯಲ್ಲಿ ರಕ್ತ ಬಂತು. ನದಿಯನ್ನು ಕೆಂಪು ಮಾಡುವುದಿರಲಿ, ಒಂದು ಚಮಚ ತುಂಬುವಷ್ಟೂ ಇರಲಿಲ್ಲ. ಒಂದು ಹನಿ ಇತ್ತು. ಹನಿಯಷ್ಟೇ ಇತ್ತು.

ಉತ್ತರ ಬರುವುದಕ್ಕೆ ಸ್ವಲ್ಪ ಕಾಯಬೇಕೆಂದಳು ಲಿಂಫೊ. ಹೊರಗೆ ಮಟುಮೆಲೊ ಮಪಲೆಸಾಳ ಬೆರಳನ್ನು ಕಣ್ಣಿನ ಹತ್ತಿರ ಹಿಡಿದು, "ಇಷ್ಟೇನಾ? ಇದಕ್ಕಿಂತ ಚಿಗಟ ಜೋರಾಗಿ ಕಚ್ತದಲ್ಲೇ!" ಎಂದು ಎಲ್ಲರಿಗೂ ತೋರಿಸಿದಳು. ನಾಲ್ಕಾರು ಜನ ಎದ್ದು ಡೇರೆಯ ಬಾಗಿಲಿಗೆ ನಿಂತರು, ಖಾಬೆಲೆ ಅವರ ಹಿಂದೆ ನಿಂತು, ತಾನು ಬರೀ ನೆರಳಿಗೆ ನಿಂತಿರುವುದಾಗಿ ಸಾರಿದ. ಮಪಲೆಸಾ ಬಂಡೆಯ ಬುಡದಲ್ಲಿ ಕೂತು ಖಾಲಿ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡಳು. ಸುಮ್ಮನೆ ಕೂರಲು ಪಿಟ್ಸೊನಿಂದ ಆಗಲಿಲ್ಲ. ಬಂಡೆ ಹತ್ತಿ ಮೈಕಿನ ಗುಂಡಿ ಒತ್ತಿದ. ಬಾಯಿ ತನ್ನ ಹಳೆಯ ರಾಗಕ್ಕೆ ತೆರೆದುಕೊಂಡು, ಅಲ್ಲೇ ನಿಂತಿತು. ಮೈಕು ಕಿರ್ ಎಂದಿತು. ಮಪಲೆಸಾ ತಲೆಯೆತ್ತಲಿಲ್ಲ, ಆದರೆ ಬಟ್ಟಲಿನ ಅಂಚಿನ ಮೇಲೆ ಓಡುತ್ತಿದ್ದ ಅವಳ ಬೆರಳು ನಿಂತದ್ದು ಅವನಿಗೆ ಕಂಡಿತು.

"ತಾಯಿಯ ಹಾಲಿನಿಂದ ಬರ್ತೈತೆ!" ಎಂದು ಕೂಗಿದ. ಗಂಟಲಲ್ಲಿ ರಾಗವಿರಲಿಲ್ಲ, ಮರಳಷ್ಟೇ ಇತ್ತು. "ಹಾಲಿಗೆ ಮೊದಲು ಹಾಸಿಗೆಯಿಂದ ಬರ್ತೈತೆ! ಅಲ್ಲಿಗೆ ಬಂದಿದ್ದು ಅಪ್ಪನಿಂದ! ಅಪ್ಪನಿಂದ!"

ಎದುರಿನ ಬೆಟ್ಟ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ, ಅಪ್ಪನಿಂದ, ಎಂದಿತು. ಅದರ ಹಿಂದಿನದೂ ಎಂದಿತು. ಬೋರೆಯಾಚೆ, ಯಾರೂ ಇಲ್ಲದ ಅವನ ಮನೆಯ ಕಡೆಯಿಂದಲೂ ಕೊನೆಗೆ ಅದೇ ಮಾತು ಬಂತು. ಬಾಗಿಲಲ್ಲಿ ನಿಂತಿದ್ದ ಗಂಡಸರು ಬೇರೆ ಯಾರಿಗೋ ಅಂದದ್ದೆಂಬಂತೆ ಬೂಟು ನೋಡಿಕೊಂಡರು.

ಡೇರೆಯ ಬಟ್ಟೆ ಸರಿಸಿ ಲಿಂಫೊ ಇಬ್ಬರನ್ನೂ ಕೈಬೀಸಿ ಕರೆದಳು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಅದು ಅವಳ ಕೆಲಸ. ಪಿಟ್ಸೊ ಬಂಡೆಯಿಂದ ಇಳಿದ. ಗಳುವಿನ ತುದಿಯಲ್ಲಿ ಆ ಬಟ್ಟೆ ಇನ್ನೂ ಮಾಂಸ ಮಾಂಸ ಎಂದು ಬಡಿದುಕೊಳ್ಳುತ್ತಿತ್ತು.

"ಬಾವುಟ ಇಳಿಸ್ಲಾ?" ಎಂದ, ಮೆಲ್ಲಗೆ.

ಮಪಲೆಸಾ ಬಟ್ಟಲು ಹಿಡಿದು ಎದ್ದಳು. "ಇರ್ಲಿ ಬಿಡಿ," ಎಂದಳು. "ಹಸಿದೋರಾದ್ರೂ ಬರ್ಲಿ."